ಪರಿಚಿತ ಪದಗಳೇ ದಾರಿ ತಪ್ಪಿಸುತ್ತವೆ

ಇನ್ನೂರು ವರ್ಷಗಳಷ್ಟು ಹಳೆಯ ಇಂಗ್ಲಿಷ್ ಬರಹಗಳನ್ನು, ಅದರಲ್ಲೂ ಪ್ರವಾಸ ಕಥನಗಳನ್ನೂ ಕಂದಾಯ ವರದಿಗಳನ್ನೂ ಕನ್ನಡಕ್ಕೆ ತರುವುದು ನನ್ನ ವೃತ್ತಿ. ಕಿರಿಯ ಅನುವಾದಕರ ಕರಡುಗಳನ್ನು ತಿದ್ದುವುದೂ ಅದರೊಳಗೇ ಸೇರಿದೆ. ಈಚೆಗೆ ಬಂದ ಒಂದು ಕರಡಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳ ಮೈಸೂರು ಸೀಮೆಯ ರೈತರು ಕಣದಲ್ಲಿ ಎತ್ತು ಕಟ್ಟಿ ಮೆಕ್ಕೆಜೋಳವನ್ನು ತುಳಿಸುತ್ತಿದ್ದರು ಎಂದಿತ್ತು. ಮೂಲವನ್ನು ತೆರೆದು ನೋಡಿದರೆ ಅಲ್ಲಿದ್ದ ಪದ ‘ಕಾರ್ನ್’. ಇಂದಿನ ನಿಘಂಟನ್ನು ನೋಡಿದ್ದರೂ ಅನುವಾದಕರಿಗೆ ಸಂದೇಹ ಹುಟ್ಟುತ್ತಿರಲಿಲ್ಲವೇನೋ. ಸಂದೇಹವೇ ಇಲ್ಲದ ಕಾರಣ ಅವರು ಯಾವ ನಿಘಂಟನ್ನೂ ನೋಡಿರಲಿಲ್ಲ.

ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ನಿಘಂಟು ‘ಕಾರ್ನ್’ ಪದಕ್ಕೆ ಕೊಡುವ ಅರ್ಥವನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ಕಾಯಿಯೊಳಗಲ್ಲದೆ ತೆನೆಯಲ್ಲಿ ಬಲಿಯುವ, ರೊಟ್ಟಿಗೆ ಒದಗುವ ಕಾಳು. ಅಂದರೆ ತೊಗರಿ, ಹುರುಳಿ, ಅವರೆಗಳು ಹೊರಗುಳಿದು, ತೆನೆ ಕಟ್ಟುವ ಧಾನ್ಯಗಳೆಲ್ಲ ಒಳಗೆ ಬಂದವು. ಬ್ರಿಟನ್ನಿನಲ್ಲಿ 1815ರಿಂದ 1846ರವರೆಗೆ ಜಾರಿಯಲ್ಲಿದ್ದ ಕಾರ್ನ್ ಕಾನೂನುಗಳು ನಿರ್ಬಂಧಿಸಿದ್ದು ಗೋಧಿಯೇ ಮೊದಲಾದ ಧಾನ್ಯಗಳ ಆಮದನ್ನು. ಅಮೆರಿಕದಲ್ಲಿ ನೆಲೆಸಿದ ಇಂಗ್ಲಿಷರು ಅಲ್ಲಿನ ಮೂಲನಿವಾಸಿಗಳು ಬೆಳೆಯುತ್ತಿದ್ದ ಮೆಕ್ಕೆಜೋಳವನ್ನು ‘ಇಂಡಿಯನ್ ಕಾರ್ನ್’ ಎಂದು ಕರೆದರು. ಕ್ರಮೇಣ ಮೊದಲ ಭಾಗ ಉದುರಿಹೋಗಿ ‘ಕಾರ್ನ್’ ಎಂದರೆ ಅದೊಂದೇ ಬೆಳೆ ಎಂದಾಯಿತು. ನಮ್ಮ ಅಂಗಡಿಗಳಿಗೆ ಬಂದು ಸೇರಿದ್ದು ಈ ಅಮೆರಿಕದ ಅರ್ಥ.

ಹಳೆಯ ನಿಘಂಟಿನ ಬೆಲೆ ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ‘ನರ್ವಸ್’ ಎಂಬ ಪದದಲ್ಲಿ. ಜಾನ್ಸನ್ ಅದಕ್ಕೆ ಮೊದಲು ಕೊಡುವ ಅರ್ಥ ಬಿಗಿಯಾದ, ಬಲವಾದ, ಕಸುವುಳ್ಳ ಎಂದು. ಆಮೇಲೆ ನರಗಳಿಗೆ ಸಂಬಂಧಿಸಿದ ಎಂಬ ಅರ್ಥ ಬರುತ್ತದೆ. ಕೊನೆಯಲ್ಲಿ, ಇದು ವೈದ್ಯರ ವಲಯದ ಆಡುಮಾತು ಎಂಬ ಸೂಚನೆಯೊಂದಿಗೆ, ನರಗಳು ದುರ್ಬಲವಾದ ಅಥವಾ ರೋಗಗ್ರಸ್ತವಾದ ಎಂಬ ಅರ್ಥವನ್ನು ಸೇರಿಸಲಾಗಿದೆ. ಪರಸ್ಪರ ವಿರುದ್ಧವಾದ ಎರಡು ಅರ್ಥಗಳು ಒಂದೇ ನಮೂದಿನಲ್ಲಿ ಕೆಲವೇ ಸಾಲುಗಳ ಅಂತರದಲ್ಲಿ ಕುಳಿತಿವೆ. ಅಂದು ಮೂಲೆಯಲ್ಲಿದ್ದ ಕೊನೆಯ ಅರ್ಥವೇ ಬೆಳೆದು, ಇಂದು ಪರೀಕ್ಷೆಗೆ ಮುಂಚೆ ಮಕ್ಕಳು ಹೇಳಿಕೊಳ್ಳುವ ‘ನರ್ವಸ್’ ಆಗಿದೆ. ಮೊದಲನೆಯದು ಬಳಕೆಯಿಂದ ಬಹುತೇಕ ಮಾಯವಾಗಿದೆ. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ಸ್ನಾಯುವಿನ ಹುರಿ ಎಂಬ ಅರ್ಥವಿತ್ತು ಎಂಬುದನ್ನು ನೆನೆದರೆ ಒಗಟು ಬಿಡುತ್ತದೆ. ಕನ್ನಡಿಗರಿಗೆ ಇದು ಸುಲಭವಾಗಿಯೇ ತಿಳಿಯಬೇಕು, ಏಕೆಂದರೆ ನಮ್ಮ ‘ನರ’ವೂ ಸ್ನಾಯುವಿನ ಹುರಿ, ರಕ್ತನಾಳ, ಸಂವೇದನೆಯ ತಂತು ಮೂರನ್ನೂ ಹೊತ್ತುಕೊಂಡ ಪದ. ಹದಿನೆಂಟನೆಯ ಶತಮಾನದ ವಿಮರ್ಶಕನೊಬ್ಬ ಕವಿಯ ಶೈಲಿಯನ್ನು ‘ನರ್ವಸ್’ ಎಂದರೆ ಅದು ಮೆಚ್ಚುಗೆ. ಅದನ್ನು ‘ಅಳುಕಿನ ಶೈಲಿ’ ಎಂದು ಅನುವಾದಿಸಿದರೆ ಹೊಗಳಿಕೆ ತೆಗಳಿಕೆಯಾಗುತ್ತದೆ, ಮತ್ತು ಓದುಗರಿಗೆ ಆ ಮೋಸ ಗೊತ್ತಾಗುವುದೂ ಇಲ್ಲ.

ಜಾನ್ಸನ್ ಈ ಸೂಕ್ಷ್ಮಗಳನ್ನು ಹಿಡಿಯಲು ಸಾಧ್ಯವಾದದ್ದು ಅವನು ಅನುಸರಿಸಿದ ಕ್ರಮದಿಂದ. ಲಂಡನ್ನಿನ ಗಫ್ ಸ್ಕ್ವೇರ್‌ನ ಮನೆಯ ಅಟ್ಟದಲ್ಲಿ ಕುಳಿತು, ಪುಸ್ತಕಗಳನ್ನು ಓದುತ್ತಾ ತನಗೆ ಬೇಕಾದ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಅಂಚಿನಲ್ಲಿ ಅದರ ಮೊದಲಕ್ಷರವನ್ನು ಬರೆದಿಡುತ್ತಿದ್ದ. ಆರು ಜನ ಸಹಾಯಕರು ಆ ವಾಕ್ಯಗಳನ್ನು ಚೀಟಿಗಳಿಗೆ ನಕಲು ಮಾಡುತ್ತಿದ್ದರು. ಹೀಗೆ ಸುಮಾರು 42,000 ಪದಗಳೂ ಒಂದು ಲಕ್ಷಕ್ಕೂ ಮಿಗಿಲಾದ ಉದ್ಧರಣೆಗಳೂ ಸೇರಿದವು. 1747ರಲ್ಲಿ ಕೆಲಸದ ಯೋಜನೆಯನ್ನು ಪ್ರಕಟಿಸುವಾಗ ಭಾಷೆಯನ್ನು ಒಂದು ನೆಲೆಯಲ್ಲಿ ನಿಲ್ಲಿಸುವ ಆಸೆ ಅವನಿಗಿತ್ತು. ನಿಘಂಟು ಮುಗಿಯುವ ಹೊತ್ತಿಗೆ, ಆ ನಿರೀಕ್ಷೆಯನ್ನು ವಿವೇಕವಾಗಲಿ ಅನುಭವವಾಗಲಿ ಸಮರ್ಥಿಸುವುದಿಲ್ಲ ಎಂದು ಮುನ್ನುಡಿಯಲ್ಲಿ ಅವನೇ ಒಪ್ಪಿಕೊಂಡ. ಅಷ್ಟೊಂದು ಉದ್ಧರಣೆಗಳ ನಡುವೆ ವರ್ಷಗಳನ್ನು ಕಳೆದವನ ಮಾತು ಅದು. ನಾನು ಅದನ್ನು ಬಹಳ ಗೌರವದಿಂದ ಓದುತ್ತೇನೆ. 1884ರಲ್ಲಿ ಮೊದಲ ಭಾಗ ಹೊರಬಂದು 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ನಿಘಂಟು ಪ್ರತಿ ಉದ್ಧರಣೆಗೂ ಇಸವಿಯನ್ನು ಕೊಟ್ಟು, ಒಂದು ಅರ್ಥ ಯಾವಾಗ ಹುಟ್ಟಿತು, ಯಾವಾಗ ಮರೆಯಾಯಿತು ಎಂಬುದನ್ನು ನೋಡುವ ದಾರಿಯನ್ನು ತೆರೆಯಿತು.

ಪದ ತನ್ನ ಮೂಲಾರ್ಥವನ್ನು ಬಿಟ್ಟರೆ ಭಾಷೆ ಕೆಟ್ಟಿತು ಎಂದು ಭಾವಿಸುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ‘ಎಣ್ಣೆ’ ಎಂದರೆ ಮೂಲತಃ ಎಳ್ಳಿನ ನೆಯ್, ಅಂದರೆ ಎಳ್ಳಿನಿಂದ ತೆಗೆದ ಜಿಡ್ಡು. ಇಂದು ನಾವು ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಎನ್ನುತ್ತೇವೆ, ಯಾರಿಗೂ ತೊಡಕಾಗುವುದಿಲ್ಲ. ಇಂಗ್ಲಿಷಿನ ‘ಆಯಿಲ್’ ಕೂಡ ಆಲಿವ್ ಎಣ್ಣೆಯ ಹೆಸರಿನಿಂದಲೇ ಹೊರಟು ಹೀಗೆಯೇ ಹರಡಿಕೊಂಡಿತು. ಬದಲಾವಣೆಯಿಂದ ತೊಂದರೆಯಿಲ್ಲ, ಬರಹದ ಕಾಲವನ್ನು ಗಮನಿಸದೆ ಓದುವುದರಿಂದ ತೊಂದರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟನ್ನು ಬಳಸುವವರೂ ಇದನ್ನು ನೆನಪಿಡಬೇಕು: ಅಲ್ಲಿ ಕನ್ನಡ ಪದಗಳಿಗೆ ಕೊಟ್ಟಿರುವ ಇಂಗ್ಲಿಷ್ ಅರ್ಥಗಳೂ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನವು.

ಆ ಕರಡಿನಲ್ಲಿ ಮೆಕ್ಕೆಜೋಳವನ್ನು ಹೊಡೆದುಹಾಕಿದ ಮೇಲೆ, ಸೀಮೆ ಮೈಸೂರಿನದಾದ್ದರಿಂದ ‘ರಾಗಿ’ ಎಂದು ಬರೆಯೋಣವೇ ಎಂದು ಅನುವಾದಕರು ಕೇಳಿದರು. ಮೂಲವನ್ನು ಇಬ್ಬರೂ ಮತ್ತೆ ತಿರುವಿ ಹಾಕಿದೆವು. ಮೂಲ ಲೇಖಕ ರಾಗಿಯನ್ನು ಬಲ್ಲವನು. ಹಲವು ಕಡೆ ಅದನ್ನು ಅದರ ಹೆಸರಿನಿಂದಲೇ ಕರೆದಿದ್ದಾನೆ. ಕಣದ ವರ್ಣನೆಯಲ್ಲಿ ಮಾತ್ರ ‘ಕಾರ್ನ್’ ಎಂದಿದ್ದಾನೆ. ನಾವು ‘ಧಾನ್ಯ’ ಎಂದು ಬರೆದೆವು.