ಜಿಮೇಲಿನಿಂದ ಅಕ್ಕನ ಫೋನಿಗೆ ಪುಕ್ಕಟೆ ಮೆಸೇಜ್ ಹೋಗುತ್ತಾ?

ಪ್ರಶ್ನೆ: ನನ್ನಕ್ಕ ಹೊಳಲ್ಕೆರೆಯಲ್ಲಿದ್ದಾಳೆ. ಅವಳದು ಕೀಪ್ಯಾಡ್ ಫೋನು, ವಾಟ್ಸಾಪ್ ಇಲ್ಲ. ನನಗೆ ಫೋನಿನ ಸಣ್ಣ ಅಕ್ಷರ ಒತ್ತಲು ಕಣ್ಣು ಸಾಲದು, ಕಂಪ್ಯೂಟರ್ ಆದರೆ ಆರಾಮ. ಜಿಮೇಲಿನಿಂದಲೇ ನಂಬರಿಗೆ ಪುಕ್ಕಟೆ ಎಸ್ಸೆಮ್ಮೆಸ್ ಹೋಗುತ್ತೆ, ಅಮೆರಿಕದಲ್ಲಿ ಹಾಗೇ ಕಳಿಸ್ತಿದ್ವಿ ಅಂತಾನೆ ಮಗ. ಹೇಗೆ?
(ವಿದ್ಯಾನಗರ, ದಾವಣಗೆರೆ)

ಉತ್ತರ: ಸುತ್ತಿ ಬಳಸದೆ ಹೇಳಿಬಿಡುತ್ತೇನೆ ಸಾರ್, ಜಿಮೇಲಿನಿಂದ ಆಗುವುದಿಲ್ಲ. ಆದರೆ ಕಂಪ್ಯೂಟರಿನಿಂದ ಆಗುತ್ತೆ. ನಿಮಗೆ ಬೇಕಿರುವುದೂ ಅದೇ ಅಲ್ವಾ?

ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಅಲ್ಲಿ ಪ್ರತಿ ಮೊಬೈಲ್ ನಂಬರಿಗೂ ಒಂದು ಈಮೇಲ್ ವಿಳಾಸ ಇದ್ದಂತೆಯೇ ಇತ್ತು. ನಂಬರ್ ಬರೆದು, ಅಟ್ ಚಿಹ್ನೆ ಹಾಕಿ, ಮೊಬೈಲ್ ಕಂಪನಿಯ ವಿಳಾಸ ಸೇರಿಸಿದರೆ ಈಮೇಲು ಎಸ್ಸೆಮ್ಮೆಸ್ ಆಗಿ ತಲುಪುತ್ತಿತ್ತು. ಕಳಿಸುವವರಿಗೆ ಖರ್ಚಿಲ್ಲ. ಖರ್ಚಿಲ್ಲ ಅಂದಮೇಲೆ ಮೋಸಗಾರರು ಬಿಡುತ್ತಾರಾ? ಒಂದೇ ಏಟಿಗೆ ಸಾವಿರಾರು ನಂಬರಿಗೆ ಕಸ ಸುರಿಯಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಅಲ್ಲಿನ ದೊಡ್ಡ ಕಂಪನಿ ಎಟಿ ಅಂಡ್ ಟಿ 2025ರ ಜೂನ್ 17ಕ್ಕೆ ಈ ಬಾಗಿಲು ಮುಚ್ಚಿತು.

ನಮ್ಮಲ್ಲೂ ಒಂದು ಕಾಲ ಇತ್ತು. ಸೈಬರ್ ಕೆಫೆಯಲ್ಲಿ ಕೂತು ವೇಟುಎಸ್ಸೆಮ್ಮೆಸ್ ಅನ್ನುವ ಪುಕ್ಕಟೆ ಮೆಸೇಜಿನ ತಾಣ ತೆರೆದು ಊರಿಗೆಲ್ಲ ಮೆಸೇಜ್ ಹೊಡೆದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ, ನಾನೂ ಅವರಲ್ಲೊಬ್ಬ. ಮೆಸೇಜಿನ ಬಾಲಕ್ಕೆ ಒಂದು ಜಾಹೀರಾತು ಅಂಟಿರುತ್ತಿತ್ತು, ಅವರ ಸಂಪಾದನೆ ಅದು. ಆಮೇಲೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮ ಬಿಗಿಯಾಯಿತು. 2011ರಲ್ಲಿ ಒಂದು ಸಿಮ್ಮಿನಿಂದ ದಿನಕ್ಕೆ ಇಷ್ಟೇ ಮೆಸೇಜ್ ಅಂತ ಮಿತಿ ಬಂತು. 2018ರ ನಿಯಮದ ಪ್ರಕಾರ ಯಾವುದೇ ಸಂಸ್ಥೆ ಎಸ್ಸೆಮ್ಮೆಸ್ ಕಳಿಸಬೇಕಾದರೆ ತನ್ನ ಹೆಸರನ್ನೂ ಮೆಸೇಜಿನ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಬೇಕು. ಬ್ಯಾಂಕಿನ ಓಟಿಪಿ ಬರುವುದೂ ಈ ದಾರಿಯಲ್ಲೇ. ಅಲ್ಲಿ ನಿಮ್ಮ ಜಿಮೇಲಿಗೆ ಜಾಗ ಇಲ್ಲ. ಈಗಲೂ 'ಫ್ರೀ ಎಸ್ಸೆಮ್ಮೆಸ್' ಅಂತ ಕರೆಯುವ ತಾಣಗಳು ಸಿಗುತ್ತವೆ. ನಿಮ್ಮ ನಂಬರು, ಅಕ್ಕನ ನಂಬರು ಎರಡನ್ನೂ ಅಲ್ಲಿ ಕೊಟ್ಟು ಬರಬೇಡಿ.

ಈಗ ದಾರಿ. ನಿಮ್ಮದು ಆಂಡ್ರಾಯ್ಡ್ ಫೋನು ಅಂದುಕೊಳ್ಳುತ್ತೇನೆ, ಐಫೋನಿಗೆ ಇದು ನಡೆಯುವುದಿಲ್ಲ. ಫೋನಿನಲ್ಲಿ ಗೂಗಲ್ ಮೆಸೇಜಸ್ ಆ್ಯಪ್ ತೆರೆದು, ಮೇಲೆ ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ. 'ಡಿವೈಸ್ ಪೇರಿಂಗ್' ಅಂತ ಇರುತ್ತದೆ. ಕಂಪ್ಯೂಟರಿನಲ್ಲಿ 'ಗೂಗಲ್ ಮೆಸೇಜಸ್ ವೆಬ್' ತೆರೆದರೆ ಕ್ಯೂಆರ್ ಕೋಡ್ ಬರುತ್ತದೆ, ಅದನ್ನು ಫೋನಿನಿಂದ ಸ್ಕ್ಯಾನ್ ಮಾಡಿ. ಮುಗೀತು. ಇನ್ನು ದೊಡ್ಡ ಕೀಬೋರ್ಡಿನಲ್ಲಿ ಟೈಪ್ ಮಾಡಬಹುದು, ಅಕ್ಕ ಉತ್ತರ ಕೊಟ್ಟರೆ ಅದೂ ಪರದೆಯ ಮೇಲೆ ಬರುತ್ತದೆ. ಫೋನು ಆನ್ ಇರಬೇಕು, ಅದಕ್ಕೆ ನೆಟ್ ಇರಬೇಕು, ಅಷ್ಟೇ. ಮೆಸೇಜ್ ಹೋಗುವುದು ನಿಮ್ಮ ಸಿಮ್ಮಿನಿಂದಲೇ. ಹೆಚ್ಚಿನ ಅನ್‌ಲಿಮಿಟೆಡ್ ಪ್ಯಾಕುಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಹೇಗೂ ಇರುತ್ತವೆ, ಖರ್ಚಾಗದೆ ವ್ಯರ್ಥವಾಗುತ್ತವೆ. ಸಣ್ಣ ಪ್ಯಾಕ್ ಆದರೆ ಎಷ್ಟು ಕೊಟ್ಟಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಿ.

ಯಾಕೆ ನೋಡಿಕೊಳ್ಳಬೇಕು ಅಂದರೆ, ಕನ್ನಡದ ಮೆಸೇಜು ಬೇಗ ತುಂಬುತ್ತದೆ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡ ಲಿಪಿಯಲ್ಲಿ ಬರೀ 70. ಆ 70ರಲ್ಲಿ ಇಳಿ, ಕೊಂಬು, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ದಾವಣಗೆರೆ' ನಮ್ಮ ಕಣ್ಣಿಗೆ ಐದಕ್ಷರ, ಫೋನಿಗೆ ಎಂಟು. 'ಚಿತ್ರದುರ್ಗ' ನಾಲ್ಕೇ, ಆದರೆ ಫೋನಿನ ಲೆಕ್ಕದಲ್ಲಿ ಹತ್ತು. ಈ ಸಾಲು ನೋಡಿ:

ಅಕ್ಕಾ, ನಾಳೆ ಬೆಳಿಗ್ಗೆ ಹೊಳಲ್ಕೆರೆಗೆ ಬರ್ತೀನಿ. ಹತ್ತು ಗಂಟೆ ಬಸ್ಸಿಗೆ. ಊಟ ಅಲ್ಲೇ.

ಕೂತು ಎಣಿಸಿದೆ, 71. ಕೊನೆಯ ಚುಕ್ಕೆ ಒಂದಕ್ಕೆ ಇದು ಎರಡು ಮೆಸೇಜ್ ಆಗುತ್ತದೆ! ಚುಕ್ಕೆ ಬಿಟ್ಟರೆ ಒಂದರಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಅಕ್ಕನ ಫೋನಿಗೆ ಕನ್ನಡ ಬರುತ್ತಾ ಅಂತ ಒಂದು ಪದ ಕಳಿಸಿ ನೋಡಿ. ಕೆಲವು ಹಳೆಯ ಸೆಟ್ಟುಗಳಲ್ಲಿ ಅಕ್ಷರದ ಬದಲು ಚೌಕ ಚೌಕ ಕಾಣುತ್ತವೆ. ಆಗ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯದೆ ಗತಿ ಇಲ್ಲ. ನಾನು ಯುಗಾದಿಗೆ ನಮ್ಮ ಚಿಕ್ಕಮ್ಮನಿಗೆ ನಾಲ್ಕು ಸಾಲು ಚಂದದ ಕನ್ನಡದಲ್ಲಿ ಕಳಿಸಿದ್ದೆ. ಐದು ನಿಮಿಷಕ್ಕೆ ಫೋನ್ ಮಾಡಿದಳು: "ಏನೋ, ಬರೀ ಡಬ್ಬಿ ಕಳ್ಸಿದೀಯ? ಹೋಳಿಗೆ ಎಲ್ಲಿ?"