ಪನಾಮಾ ಕಾಲುವೆಗೆ ಸಮುದ್ರದ ನೀರು ಯಾಕೆ ಆಗಿಬರುವುದಿಲ್ಲ?

ಪ್ರಶ್ನೆ: ಪನಾಮಾ ಕಾಲುವೆಯ ಒಂದು ತುದಿಗೆ ಅಟ್ಲಾಂಟಿಕ್, ಇನ್ನೊಂದು ತುದಿಗೆ ಪೆಸಿಫಿಕ್. ಹಾಗಿದ್ದೂ 2023ರಲ್ಲಿ ಮಳೆ ಸಾಲಲಿಲ್ಲವೆಂದು ಹಡಗುಗಳು ಸಾಲುಗಟ್ಟಿ ಕಾಯಬೇಕಾಯಿತು. ಸಮುದ್ರದ ನೀರನ್ನೇ ಬಿಟ್ಟುಕೊಳ್ಳಬಹುದಿತ್ತಲ್ಲ?

ಉತ್ತರ: ಇಲ್ಲಿ 'ಕಾಲುವೆ' ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಸೂಯೆಜ್ ನಿಜವಾದ ಕಾಲುವೆ. ನೆಲ ತೋಡಿ ಎರಡು ಸಮುದ್ರಗಳನ್ನು ಒಂದೇ ಮಟ್ಟದಲ್ಲಿ ಕೂಡಿಸಿದ್ದಾರೆ. ಪನಾಮಾದಲ್ಲಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ, ಸಮುದ್ರಮಟ್ಟಕ್ಕಿಂತ ಸುಮಾರು 26 ಮೀಟರ್ ಎತ್ತರದಲ್ಲಿ ಗಾತುನ್ ಸರೋವರವನ್ನು ನಿಲ್ಲಿಸಿದರು. 1914ರಿಂದ ಹಡಗುಗಳು ಒಂದು ಕಡೆ ಮೆಟ್ಟಿಲು ಹತ್ತಿ, ಸರೋವರ ದಾಟಿ, ಇನ್ನೊಂದು ಕಡೆ ಇಳಿಯುತ್ತಿವೆ. ಆ ಮೆಟ್ಟಿಲುಗಳೇ ಲಾಕ್‌ಗಳು.

ಹಳೆಯ ಲಾಕ್ ಒಂದರ ಅಳತೆ ನೋಡಿ: 305 ಮೀಟರ್ ಉದ್ದ, 33.5 ಮೀಟರ್ ಅಗಲದ ಕಾಂಕ್ರೀಟ್ ತೊಟ್ಟಿ. ಹಡಗು ಒಳಬಂದ ಮೇಲೆ ಗೇಟು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ಹಡಗು ಸುಮಾರು 9 ಮೀಟರ್ ಮೇಲೇಳುತ್ತದೆ. ಇದಕ್ಕೆ ಪಂಪೇ ಬೇಕಿಲ್ಲ, ಎಲ್ಲವೂ ಇಳಿಜಾರಿನ ಬಲದಿಂದ ನಡೆಯುತ್ತದೆ. ಗುಣಿಸಿ ನೋಡಿದರೆ ಒಂದು ತೊಟ್ಟಿಗೆ 9 ಕೋಟಿ ಲೀಟರ್ ದಾಟುತ್ತದೆ. ಅದೇ ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಕಡೆಗೆ ಸಮುದ್ರ ಸೇರುತ್ತದೆ. ಹತ್ತುವಾಗ ಒಂದು ಸಲ, ಇಳಿಯುವಾಗ ಇನ್ನೊಂದು ಸಲ. ಹಾಗಾಗಿ ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಖಾಲಿ. ಸರೋವರದ ವಿಸ್ತಾರ ಸುಮಾರು 425 ಚದರ ಕಿಲೋಮೀಟರ್. ಅಂದರೆ ಒಂದೊಂದು ಹಡಗೂ ಅಷ್ಟು ದೊಡ್ಡ ಸರೋವರದ ಮಟ್ಟವನ್ನು ಅರ್ಧ ಮಿಲಿಮೀಟರಿನಷ್ಟು ಇಳಿಸುತ್ತದೆ. ದಿನಕ್ಕೆ 36 ಹಡಗು ದಾಟಿದರೆ, ತಿಂಗಳಿಗೆ ಅರ್ಧ ಮೀಟರ್. ಇದನ್ನು ತುಂಬಿಕೊಡಲು ಮಳೆಯ ಹೊರತು ಬೇರೆ ದಾರಿಯಿಲ್ಲ.

ಹಾಗಾದರೆ ಸಮುದ್ರದಿಂದ ಪಂಪ್ ಮಾಡಿದರೆ? 20 ಕೋಟಿ ಲೀಟರನ್ನು 26 ಮೀಟರ್ ಮೇಲೆತ್ತಲು ಕನಿಷ್ಠ 14,000 ಯೂನಿಟ್ ವಿದ್ಯುತ್ ಬೇಕು, ಪಂಪಿನ ನಷ್ಟ ಸೇರಿಸಿದರೆ ಇನ್ನೂ ಹೆಚ್ಚು. ಖರ್ಚಿನ ಬಾಬತ್ತೇ ಸರಿ, ಆದರೆ ದೊಡ್ಡ ಹಡಗೊಂದು ಲಕ್ಷಗಟ್ಟಲೆ ಡಾಲರ್ ಸುಂಕ ಕಟ್ಟುವ ಜಾಗದಲ್ಲಿ ಅದು ತಡೆಯಲಾರದ ಹೊರೆಯಲ್ಲ. ಅಡ್ಡಿ ಬರುವುದು ಉಪ್ಪಿನಿಂದ. ಪನಾಮಾದ ಅರ್ಧಕ್ಕೂ ಹೆಚ್ಚು ಜನ ಕುಡಿಯುವುದು ಕಾಲುವೆಗೆ ನೀರುಣಿಸುವ ಸರೋವರಗಳ ನೀರನ್ನೇ. ಉಪ್ಪುನೀರು ಒಳಬಿಟ್ಟರೆ ನಲ್ಲಿಯೂ ಕೆಡುತ್ತದೆ, ಮೀನೂ ಕೆಡುತ್ತದೆ.

2016ರಲ್ಲಿ ತೆರೆದ ಹೊಸ ದೊಡ್ಡ ಲಾಕ್‌ಗಳ ಪಕ್ಕದಲ್ಲಿ ನೀರು ಉಳಿಸುವ ಕೊಳಗಳಿವೆ, ಒಂದೊಂದು ತೊಟ್ಟಿಗೂ ಮೂರರಂತೆ. ಬಳಸಿದ ನೀರಿನ ಶೇ. 60ರಷ್ಟನ್ನು ಅವು ಹಿಡಿದಿಟ್ಟು ಮತ್ತೆ ಕೊಡುತ್ತವೆ. ಕೇಳಲು ಚೆಂದ. ಆದರೆ ಸಮುದ್ರದ ಕಡೆ ಉಪ್ಪು ಬೆರೆತ ನೀರೇ ತಿರುಗಿ ಬಳಕೆಯಾಗುವುದರಿಂದ, ಉಪ್ಪು ಒಂದೊಂದೇ ಮೆಟ್ಟಿಲು ಹತ್ತಿ ಸರೋವರಕ್ಕೆ ನುಸುಳುತ್ತದೆ. ನೀರು ಉಳಿಸಿದಷ್ಟೂ ಉಪ್ಪಿನ ಕಾಟ ಹೆಚ್ಚು.

ಸರೋವರ ಇಳಿದಾಗ ಕಾಲುವೆಯವರ ಕೈಯಲ್ಲಿ ಎರಡು ದಾರಿಗಳಿರುತ್ತವೆ. ಒಂದು, ಡ್ರಾಫ್ಟ್ ಅಂದರೆ ಹಡಗು ನೀರಲ್ಲಿ ಮುಳುಗುವ ಆಳವನ್ನು ಕಡಿಮೆ ಮಾಡುವುದು. 2023ರಲ್ಲಿ ದೊಡ್ಡ ಹಡಗುಗಳ ಮಿತಿ 50 ಅಡಿಯಿಂದ 44 ಅಡಿಗೆ ಇಳಿಯಿತು. ಸಿಹಿನೀರಿಗೆ ಸಮುದ್ರದ ನೀರಿನಷ್ಟು ಸಾಂದ್ರತೆ ಇಲ್ಲದ ಕಾರಣ, ಸಮುದ್ರದಲ್ಲಿ 15 ಮೀಟರ್ ಮುಳುಗಿದ್ದ ಹಡಗು ಇಲ್ಲಿಗೆ ಬಂದಾಗ ಸುಮಾರು ಒಂದು ಅಡಿ ಹೆಚ್ಚು ಮುಳುಗುತ್ತದೆ. ಸರಕು ತುಂಬುವ ಬಂದರಿನಲ್ಲೇ ಈ ಲೆಕ್ಕ ಹಾಕದಿದ್ದರೆ, ಇಲ್ಲಿಗೆ ಬಂದ ಮೇಲೆ ಕಂಟೇನರ್ ಇಳಿಸಿ ಹಗುರಾಗಬೇಕು.

ಎರಡನೆಯದು, ಹಡಗುಗಳ ಸಂಖ್ಯೆ ಕಡಿತ. ಎಲ್ ನಿನ್ಯೋ ಕಾಟದಿಂದ 2023ರ ಅಕ್ಟೋಬರ್, ದಾಖಲೆ ಶುರುವಾದ 1950ರಿಂದೀಚೆಗೆ ಅಲ್ಲಿನ ಅತಿ ಒಣ ಅಕ್ಟೋಬರ್ ಆಯಿತು. ದಿನಕ್ಕೆ 36ರಿಂದ 38 ದಾಟುತ್ತಿದ್ದದ್ದು ಡಿಸೆಂಬರ್ ವೇಳೆಗೆ 22ಕ್ಕೆ ಬಂತು. ಸರದಿಯಲ್ಲಿ ಕಾಯದೆ ಮುಂದೆ ಹೋಗಲು ಹರಾಜಿನ ವ್ಯವಸ್ಥೆಯಿದೆ. ಆ ನವೆಂಬರಿನಲ್ಲಿ ಜಪಾನಿನ ಎನಿಯೋಸ್ ಸಂಸ್ಥೆ ಒಂದೇ ಹಡಗಿಗಾಗಿ ಹತ್ತಿರ ಹತ್ತಿರ 40 ಲಕ್ಷ ಡಾಲರ್ ಕೂಗಿತು, ಮಾಮೂಲಿ ಸುಂಕ ಬೇರೆ. ಸೂಯೆಜ್ ಕಡೆಗೆ ತಿರುಗೋಣವೆಂದರೆ, ಅದೇ ತಿಂಗಳಲ್ಲಿ ಅದರ ದಾರಿಯಾದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರ ದಾಳಿ ಶುರು. ಹಲವರಿಗೆ ಆಫ್ರಿಕಾ ಸುತ್ತುವಂಥ ದೂರದ ದಾರಿಯೇ ಗತಿಯಾಯಿತು.

ಇನ್ನು 2025ರ ಜನವರಿಯಲ್ಲಿ ಟ್ರಂಪ್ 'ಕಾಲುವೆಯನ್ನು ಚೀನಾ ನಡೆಸುತ್ತಿದೆ' ಎಂದರಲ್ಲ, ಅದು ಬಂದರನ್ನೂ ಕಾಲುವೆಯನ್ನೂ ಕಲಸಿದ ಮಾತು. ಆಗ ಹಾಂಗ್‌ಕಾಂಗ್ ಕಂಪನಿಯ ಕೈಯಲ್ಲಿದ್ದದ್ದು ಎರಡು ತುದಿಗಳ ಬಾಲ್ಬೋವಾ, ಕ್ರಿಸ್ಟೋಬಲ್ ಬಂದರುಗಳು. ಲಾಕ್, ಗೇಟು, ಸುಂಕ, ಸರದಿ ಎಲ್ಲವೂ 1999ರ ಡಿಸೆಂಬರ್ 31ರಿಂದ ಪನಾಮಾ ಸರ್ಕಾರದ ಪ್ರಾಧಿಕಾರದ್ದು. ಆ ಪ್ರಾಧಿಕಾರಕ್ಕೆ ಸದ್ಯ ಹೆಚ್ಚಿನ ತಲೆನೋವು ರಿಯೋ ಇಂಡಿಯೋ ನದಿಯದು. ಅಲ್ಲಿ ಅಣೆ ಕಟ್ಟಿ ಸುರಂಗದಲ್ಲಿ ಗಾತುನ್‌ಗೆ ನೀರು ತರುವ ಸುಮಾರು 160 ಕೋಟಿ ಡಾಲರ್‌ಗಳ ಯೋಜನೆಗೆ, ಮುಳುಗಲಿರುವ ಹಳ್ಳಿಗಳವರ ವಿರೋಧವಿದೆ.

ಮುಂದಿನ ಬಿಕ್ಕಟ್ಟನ್ನು ಮೊದಲೇ ಊಹಿಸಬೇಕಿದ್ದರೆ ಡಿಸೆಂಬರ್ ಕೊನೆಯಲ್ಲಿ ಗಾತುನ್ ಮಟ್ಟ ನೋಡಿ. ಜನವರಿಯಿಂದ ಏಪ್ರಿಲ್ ಅಲ್ಲಿ ಒಣಗಾಲ. ಸಮುದ್ರಮಟ್ಟದಿಂದ 87 ಅಡಿಯ ಆಸುಪಾಸಿದ್ದರೆ ನಿಶ್ಚಿಂತೆ. 2023ರ ಮಧ್ಯದಲ್ಲಿ ಅದು 80ರ ಹತ್ತಿರಕ್ಕೆ ಇಳಿದಿತ್ತು.