ಹಳೇ ಲ್ಯಾಪ್‌ಟಾಪ್ ಸ್ಲೋ ಆಗಿದೆ, ಬರೀ ಸೆಟ್ಟಿಂಗ್ ಬದಲಾಯಿಸಿದ್ರೆ ಸರಿ ಹೋಗತ್ತಾ?

ಪ್ರಶ್ನೆ: ಸರ್, ನನ್ನ ಹತ್ರ 2015ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದೆ. ಐ3 ಐದನೇ ಜನರೇಶನ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಮನೇಲೇ ಕೂತು ಒಂದೆರಡು ಅಂಗಡಿಗಳ ಟ್ಯಾಲಿ ಲೆಕ್ಕ ಬರೀತೀನಿ, ಜೊತೆಗೆ ನುಡಿಯಲ್ಲಿ ಸ್ವಲ್ಪ ಕನ್ನಡ ಟೈಪಿಂಗ್. ಬೆಳಿಗ್ಗೆ ಆನ್ ಮಾಡಿಟ್ಟು ಕಾಫಿ ಮಾಡ್ಕೊಂಡು ಕುಡಿದು ಬಂದ್ರೂ ಇನ್ನೂ ಸುತ್ತುತಾನೇ ಇರತ್ತೆ. ರಿಪೇರಿ ಅಂಗಡಿಯವ್ರು ಹೊಸದು ತಗೊಳ್ಳಿ ಅಂತಾರೆ, ಯೂಟ್ಯೂಬ್‌ನಲ್ಲಿ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲ ಬರೆದಿಟ್ಕೊಳ್ಳೋ ಜಾಗ) ಕ್ಲೀನ್ ಮಾಡಿ, ಸರ್ವಿಸ್ (ಕಾಣದ ಹಾಗೆ ಹಿಂದೆ ಓಡೋ ಪ್ರೋಗ್ರಾಮ್) ಆಫ್ ಮಾಡಿ ಅಂತಾರೆ. ದುಡ್ಡು ಹಾಕದೇ ಸೆಟ್ಟಿಂಗ್‌ನಲ್ಲೇ ಸರಿ ಮಾಡ್ಕೋಬಹುದಾ? ಫೈಲ್ ಏನೂ ಹೋಗಲ್ಲ ತಾನೇ?
(ಓದುಗರೊಬ್ಬರು, ರಾಜಾಜಿನಗರ)

ಉತ್ತರ: ಮೇಡಂ, ಅರ್ಧ ಮಟ್ಟಿಗೆ ಆಗತ್ತೆ. ಸೆಟ್ಟಿಂಗ್‌ನಿಂದ ಮೆಷಿನ್‌ಗೆ ಹೊಸದಾಗಿ ಶಕ್ತಿ ಏನೂ ಬರಲ್ಲ, ಅದರ ತಲೆ ಮೇಲೆ ಕೂತಿರೋ ಬೇಡದ ಭಾರ ಇಳಿಯತ್ತೆ ಅಷ್ಟೇ, ಹಾಗಾಗಿ ಎಷ್ಟು ಬೇಡದ್ದು ಸೇರ್ಕೊಂಡಿದ್ಯೋ ಅಷ್ಟು ಲಾಭ. ಅದಕ್ಕೇ ಯಾವುದನ್ನೂ ಆಫ್ ಮಾಡೋಕೆ ಮುಂಚೆ ಎಲ್ಲಿ ಸಿಕ್ಕಾಕೊಂಡಿದೆ ಅಂತ ನೋಡಿ. ಇದನ್ನ ಮಾಡದೇ ಯೂಟ್ಯೂಬ್ ನೋಡ್ಕೊಂಡು ಹದಿನೈದು ಟಿಪ್ಸ್ ಒಟ್ಟಿಗೆ ಹಾಕಿದ್ರೆ ಯಾವುದು ಕೆಲಸ ಮಾಡ್ತು, ಯಾವುದು ಕೆಡಿಸ್ತು ಅಂತಾನೇ ಗೊತ್ತಾಗಲ್ಲ.

ಮೊದಲು ಫೈಲ್ ವಿಷ್ಯ. ಟ್ಯಾಲಿ ಡೇಟಾನ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಇಲ್ಲಿ ತುಂಬಾ ಜನ ಎಡವೋದು ಏನಂದ್ರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡು ಫೋಲ್ಡರ್ ಕಾಪಿ ಮಾಡಿ ಎಲ್ಲ ಆಯ್ತು ಅಂದ್ಕೋತಾರೆ, ಆದ್ರೆ ಟ್ಯಾಲಿ ಪ್ರೈಮ್‌ನ ಡೇಟಾ ಮಾಮೂಲಾಗಿ ಅಲ್ಲಿ ಇರೋದೇ ಇಲ್ಲ, ಸಿ ಡ್ರೈವ್‌ನಲ್ಲಿ ಯೂಸರ್ಸ್, ಅದರೊಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿ ಪ್ರೈಮ್ ಅನ್ನೋ ಫೋಲ್ಡರ್, ಅದರೊಳಗೆ ಡೇಟಾ. ನಿಮ್ಮದು ಬೇರೆ ಕಡೆ ಇಟ್ಟಿದ್ರೆ ಕಂಪನಿ ಓಪನ್ ಮಾಡೋ ಸ್ಕ್ರೀನ್‌ನಲ್ಲೇ ಡೇಟಾ ಪಾಥ್ ಎಲ್ಲಿದೆ ಅಂತ ತೋರಿಸತ್ತೆ. ಆಮೇಲೆ ಸ್ಟಾರ್ಟ್ ಒತ್ತಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಸಿ ಡ್ರೈವ್ ಎದುರಿಗೆ ಪ್ರೊಟೆಕ್ಷನ್ ಆಫ್ ಅಂತಿದ್ರೆ (ವಿಂಡೋಸ್ 10ರಲ್ಲಿ ಎಷ್ಟೋ ಮೆಷಿನ್‌ನಲ್ಲಿ ಆಫೇ ಇರತ್ತೆ) ಆನ್ ಮಾಡಿ ಒಂದು ಪಾಯಿಂಟ್ ಮಾಡ್ಕೊಳ್ಳಿ. ಏನಾದ್ರೂ ಎಡವಟ್ಟಾದ್ರೆ ಸಿಸ್ಟಮ್ ಸೆಟ್ಟಿಂಗನ್ನ ಹಿಂದಿನ ಸ್ಥಿತಿಗೆ ತರಬಹುದು. ಆದ್ರೆ ಇದು ಫೋಟೋ, ಲೆಕ್ಕದ ಫೈಲ್ ಕಾಪಾಡಲ್ಲ, ಪೆನ್‌ಡ್ರೈವ್ ಕೆಲಸ ಪೆನ್‌ಡ್ರೈವೇ ಮಾಡ್ಬೇಕು.

ಈಗ ನೋಡೋ ಕೆಲಸ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರತ್ತೆ, ಚಿಕ್ಕದಾಗಿ ಬಂದ್ರೆ ಕೆಳಗಡೆ 'ಮೋರ್ ಡೀಟೇಲ್ಸ್' ಒತ್ತಿ, 'ಪರ್ಫಾರ್ಮೆನ್ಸ್' ಟ್ಯಾಬ್‌ಗೆ ಹೋಗಿ. ಎಡಗಡೆ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಇರತ್ತೆ, ಡಿಸ್ಕ್ ಕೆಳಗೆ ಅದು ಎಚ್‌ಡಿಡಿನೋ (ಹಳೇ ಥರದ ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿನೋ (ಹೊಸ ಥರದ ವೇಗದ ಡಿಸ್ಕ್) ಅಂತಾನೂ ಬರೆದಿರತ್ತೆ. ನಿಮ್ಮ ಕಾಲದ ಲ್ಯಾಪ್‌ಟಾಪ್ ಅಂದ್ರೆ ಹೆಚ್ಚುಕಮ್ಮಿ ಎಚ್‌ಡಿಡಿನೇ. ಬೆಳಿಗ್ಗೆ ಆನ್ ಆದ ತಕ್ಷಣ ಅದರ ಮೇಲೆ ಕ್ಲಿಕ್ ಮಾಡಿ ನೋಡಿ, 'ಆ್ಯಕ್ಟಿವ್ ಟೈಮ್' 100% ಅಂತ ನೆತ್ತಿ ಮುಟ್ಟಿರತ್ತೆ, ಕೆಳಗೆ ರೀಡ್ ಸ್ಪೀಡ್ ನೋಡಿದ್ರೆ ಸೆಕೆಂಡಿಗೆ ಒಂದೋ ಎರಡೋ ಎಂಬಿ. ಇಷ್ಟು ಕಮ್ಮಿ ಕೆಲಸಕ್ಕೆ ಇಷ್ಟು ಒದ್ದಾಟ ಯಾಕೆ ಅಂದ್ರೆ ಆ ಡಿಸ್ಕ್ ಒಳಗೆ ತಿರುಗೋ ತಟ್ಟೆ ಇದೆ, ಅದರ ಮೇಲೆ ಓಡಾಡೋಕೆ ಒಂದು ಕೈ ಇದೆ, ಇಪ್ಪತ್ತು ಪ್ರೋಗ್ರಾಮ್ ಒಂದೇ ಸಲ ಇಪ್ಪತ್ತು ಜಾಗದ ಫೈಲ್ ಕೇಳಿದ್ರೆ ಆ ಕೈ ಓಡಾಡೋದ್ರಲ್ಲೇ ಟೈಮ್ ಕಳೀತದೆ. ಬೆಳಿಗ್ಗೆ ಎಂಟೂವರೆಗೆ ದರ್ಶಿನಿಯಲ್ಲಿ ಬಿಲ್ ಕೌಂಟರ್, ಕಾಫಿ ಕೌಂಟರ್, ಪಾರ್ಸಲ್ ಮೂರನ್ನೂ ಒಬ್ಬನೇ ನೋಡ್ಕೋತಿದ್ರೆ ಹೇಗಿರತ್ತೋ ಹಾಗೆ. ಅವನು ಸೋಮಾರಿ ಅಲ್ಲ, ಜನ ಜಾಸ್ತಿ.

ಜನ ಕಮ್ಮಿ ಮಾಡೋದು ಟಾಸ್ಕ್ ಮ್ಯಾನೇಜರ್‌ನಲ್ಲೇ ಇರೋ 'ಸ್ಟಾರ್ಟಪ್' ಟ್ಯಾಬ್‌ನಿಂದ. ದುಡ್ಡಿಲ್ದೇ ಸಿಗೋ ಸ್ಪೀಡ್‌ನಲ್ಲಿ ದೊಡ್ಡ ಪಾಲು ಇಲ್ಲೇ ಇದೆ ಅನ್ನೋದು ನನ್ನ ಅಭಿಪ್ರಾಯ, ಬೇರೆ ಏನೂ ಮಾಡದಿದ್ರೂ ಇದೊಂದು ಮಾಡಿ. ಮೀಟಿಂಗ್ ಆ್ಯಪ್, ಹಾಡಿನ ಆ್ಯಪ್, ಪಿಡಿಎಫ್ ಅಪ್ಡೇಟರ್, ಯಾವತ್ತೋ ಮಾರಿಬಿಟ್ಟ ಪ್ರಿಂಟರ್‌ನ ಹೆಲ್ಪರ್, ಟೊರೆಂಟ್, ಇವೆಲ್ಲ ನಿಮ್ಮನ್ನ ಕೇಳದೇ ಬೆಳಿಗ್ಗೆ ಎದ್ದು ಕೂತಿರ್ತವೆ. ರೈಟ್ ಕ್ಲಿಕ್ ಮಾಡಿ 'ಡಿಸೇಬಲ್' ಕೊಡಿ. ಡಿಸೇಬಲ್ ಅಂದ್ರೆ ಡಿಲೀಟ್ ಅಲ್ಲ, ಬೇಕಾದಾಗ ನೀವೇ ಡಬಲ್ ಕ್ಲಿಕ್ ಮಾಡಿದ್ರೆ ಮಾಮೂಲಿ ಹಾಗೇ ಓಪನ್ ಆಗತ್ತೆ, ಮನಸ್ಸು ಬದಲಾದ್ರೆ ಅಲ್ಲೇ ಎನೇಬಲ್ ಕೊಟ್ರಾಯ್ತು. ವಿಂಡೋಸ್ ಸೆಕ್ಯುರಿಟಿ, ಸೌಂಡ್, ಟಚ್‌ಪ್ಯಾಡ್ ಹೆಸರಿರೋವನ್ನ ಬಿಟ್ಬಿಡಿ, ಹೆಸರೇ ಅರ್ಥ ಆಗದೇ ಇದ್ದಿದ್ದನ್ನೂ ಬಿಟ್ಬಿಡಿ. ಕ್ರೋಮ್ ಕ್ಲೋಸ್ ಮಾಡಿದ್ರೂ ಹಿಂದೆ ಓಡ್ತಾ ಇರತ್ತೆ, ಅದರ ಸೆಟ್ಟಿಂಗ್ಸ್ ಒಳಗೆ 'ಸಿಸ್ಟಮ್' ಅನ್ನೋ ಕಡೆ ಬ್ಯಾಕ್‌ಗ್ರೌಂಡ್ ಆ್ಯಪ್ಸ್ ಬಗ್ಗೆ ಒಂದು ಸ್ವಿಚ್ ಇದೆ, ಆಫ್ ಮಾಡಿ. ಪಕ್ಕದಲ್ಲೇ 'ಪರ್ಫಾರ್ಮೆನ್ಸ್' ಅಂತಿದೆ, ಅಲ್ಲಿ 'ಮೆಮೊರಿ ಸೇವರ್' ಆನ್ ಮಾಡಿದ್ರೆ ನೀವು ನೋಡದೇ ಇರೋ ಟ್ಯಾಬ್‌ಗಳನ್ನ ಮಲಗಿಸತ್ತೆ. 4 ಜಿಬಿಯಲ್ಲಿ ಇದು ಸಣ್ಣ ವಿಷ್ಯ ಅಲ್ಲ, ಯಾಕಂದ್ರೆ ರ‍್ಯಾಮ್ ತುಂಬಿದ ತಕ್ಷಣ ವಿಂಡೋಸ್ ಜಾಗ ಸಾಲದೇ ಡಿಸ್ಕ್‌ಗೇ ಬರೆಯೋಕೆ ಶುರು ಮಾಡತ್ತೆ, ಮೊದಲೇ ಒದ್ದಾಡ್ತಿರೋ ಡಿಸ್ಕ್‌ಗೆ.

ಆ್ಯಂಟಿವೈರಸ್ ಎಷ್ಟಿದೆ ನೋಡಿ. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಒಂದು, ಯಾರೋ ಹಾಕ್ಕೊಟ್ಟಿದ್ದು ಇನ್ನೊಂದು ಅಂತ ಎರಡೂ ಇದ್ರೆ ಪ್ರತಿ ಫೈಲನ್ನೂ ಎರಡೆರಡು ಸಲ ತಡಕ್ತವೆ. ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿದ್ರೆ ವಿಂಡೋಸ್‌ನ ಡಿಫೆಂಡರ್ ತಾನಾಗೇ ಆನ್ ಆಗತ್ತೆ, ಮನೆ ಕೆಲಸಕ್ಕೆ ಅದು ಸಾಕು.

ಇನ್ನೊಂದು ಮಜಾ ವಿಷ್ಯ. ಅದೇ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಕ್ಲಿಕ್ ಮಾಡಿದ್ರೆ ಕೆಳಗೆ 'ಅಪ್ ಟೈಮ್' ಅಂತ ಇರತ್ತೆ. ದಿನಾ ರಾತ್ರಿ ಶಟ್‌ಡೌನ್ ಮಾಡೋವ್ರ ಮೆಷಿನ್‌ನಲ್ಲೂ ಅಲ್ಲಿ ಇಪ್ಪತ್ತು ದಿನ, ಮೂವತ್ತು ದಿನ ಅಂತ ತೋರಿಸತ್ತೆ! ಸುಳ್ಳಲ್ಲ ಅದು. 'ಫಾಸ್ಟ್ ಸ್ಟಾರ್ಟಪ್' ಅನ್ನೋದು ಆನ್ ಇದ್ರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚಲ್ಲ, ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಬರೆದಿಟ್ಟು ಮಾರನೇ ದಿನ ಅದನ್ನೇ ಎತ್ಕೊಳ್ಳತ್ತೆ, ಹಳೇ ಕಗ್ಗಂಟು ಹಾಗೇ ಉಳೀತದೆ. 'ರಿಸ್ಟಾರ್ಟ್' ಕೊಟ್ರೆ ಮಾತ್ರ ಪೂರ್ತಿ ಹೊಸದಾಗಿ ಶುರು. ಕೆಲವರು ಫಾಸ್ಟ್ ಸ್ಟಾರ್ಟಪ್ಪನ್ನೇ ಆಫ್ ಮಾಡಿ ಅಂತಾರೆ, ಹಾರ್ಡ್ ಡಿಸ್ಕ್ ಇರೋ ಮೆಷಿನ್‌ಗೆ ನಾನು ಹಾಗೆ ಹೇಳಲ್ಲ, ಬೆಳಿಗ್ಗೆ ಇನ್ನೂ ನಿಧಾನ ಆಗತ್ತೆ. ವಾರಕ್ಕೊಂದೆರಡು ಸಲ ರಿಸ್ಟಾರ್ಟ್ ಕೊಡಿ, ಸಾಕು.

ಅಲ್ಲೇ 'ಸ್ಪೀಡ್' ಅಂತಾನೂ ಇದೆ, ಅದನ್ನೂ ಒಂದು ಕಣ್ಣು ನೋಡಿ. ಟ್ಯಾಲಿ ಕೆಲಸ ಮಾಡ್ವಾಗ್ಲೂ ಅದು 0.8 ಗಿಗಾಹರ್ಟ್ಜ್ ಆಸುಪಾಸಲ್ಲೇ ಅಂಟ್ಕೊಂಡಿದ್ರೆ ಸೆಟ್ಟಿಂಗ್ ಸಮಸ್ಯೆ ಇರಲಿಕ್ಕಿಲ್ಲ, ಚಾರ್ಜರ್ ಇರಬಹುದು. ಕೆಲವು ಲ್ಯಾಪ್‌ಟಾಪ್‌ಗಳು ಡೂಪ್ಲಿಕೇಟ್ ಚಾರ್ಜರ್ ಹಾಕಿದಾಗ ಅದರ ಗುರುತು ಸಿಗ್ಲಿಲ್ಲ ಅಂತ ಬೇಕಂತಲೇ ಸಿಪಿಯು ಸ್ಪೀಡ್ ಇಳಿಸ್ಕೊಂಡು ಕೂತ್ಬಿಡ್ತವೆ. ಇಲ್ಲಾಂದ್ರೆ ಫ್ಯಾನ್‌ನಲ್ಲಿ ಧೂಳು, ನಮ್ಮೂರ ರಸ್ತೆ ಅಗೆತ ಗೊತ್ತಲ್ಲ, ಬಿಸಿ ಹೆಚ್ಚಾದ್ರೂ ಸಿಪಿಯು ತಾನೇ ನಿಧಾನ ಆಗತ್ತೆ. ಇದನ್ನೆಲ್ಲ ನೋಡದೇ ರಿಜಿಸ್ಟ್ರಿ ಕ್ಲೀನ್ ಮಾಡ್ತಾ ಕೂತ್ರೆ ಏನುಪಯೋಗ ಹೇಳಿ.

ಇನ್ನು ಕಣ್ಣಿಗೆ ಕಾಣೋ ಅಲಂಕಾರ. ಸ್ಟಾರ್ಟ್ ಒತ್ತಿ 'ಪರ್ಫಾರ್ಮೆನ್ಸ್' ಅಂತ ಟೈಪ್ ಮಾಡಿದ್ರೆ 'ಅಡ್ಜಸ್ಟ್ ದಿ ಅಪಿಯರೆನ್ಸ್ ಅಂಡ್ ಪರ್ಫಾರ್ಮೆನ್ಸ್ ಆಫ್ ವಿಂಡೋಸ್' ಬರತ್ತೆ, ಒಳಗೆ 'ಬೆಸ್ಟ್ ಪರ್ಫಾರ್ಮೆನ್ಸ್' ಆರಿಸಿದ್ರೆ ಎಲ್ಲ ಟಿಕ್ಕೂ ಹೋಗತ್ತೆ. ಓಕೆ ಒತ್ತೋಕೆ ಮುಂಚೆ 'ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್' ಅನ್ನೋದಕ್ಕೆ ಟಿಕ್ ವಾಪಸ್ ಹಾಕಿ. ಇಂಗ್ಲಿಷ್ ಮಾತ್ರ ಓದೋರು ಅದಿಲ್ದೇ ಹೇಗೋ ಸುಧಾರಿಸ್ಕೋಬಹುದು, ಆದ್ರೆ ಕನ್ನಡದ ಒತ್ತಕ್ಷರ ಎಲ್ಲ ಮುಳ್ಳುಮುಳ್ಳಾಗಿ ಕಾಣತ್ತೆ, 'ಷ್ಟ್ರ' ಅಂತ ಟೈಪ್ ಮಾಡಿ ನೋಡಿದ್ರೆ ಅಲ್ಲಿ ಏನಿದೆ ಅಂತ ಊಹೆ ಮಾಡ್ಬೇಕು, ಟೈಪಿಂಗ್ ಕೆಲಸ ಮಾಡೋವ್ರಿಗೆ ಸಂಜೆ ಹೊತ್ತಿಗೆ ತಲೆನೋವು ಗ್ಯಾರಂಟಿ. 'ಶೋ ಥಂಬ್‌ನೇಲ್ಸ್' ಕೂಡ ಇರ್ಲಿ, ಫೋಟೋ ಹುಡುಕೋಕೆ ಬೇಕಾಗತ್ತೆ. ಇದರಿಂದ ಟ್ಯಾಲಿ ಏನೂ ಓಡಲ್ಲ, ಕಿಟಕಿ ತೆಗೆಯೋದು ಮುಚ್ಚೋದು ಚುರುಕಾಗತ್ತೆ ಅಷ್ಟೇ.

ಡಿಸ್ಕ್ ಕ್ಲೀನಪ್ ಮಾಡಿ, ತಪ್ಪಿಲ್ಲ. ಸಿ ಡ್ರೈವ್ ಕಂಠಮಟ್ಟ ತುಂಬಿದ್ರೆ ಅಪ್ಡೇಟ್‌ಗೂ ಜಾಗ ಇರಲ್ಲ. ಆದ್ರೆ ವಿಂಡೋಸ್ 10ರ ಕೆಲವು ಹಳೇ ವರ್ಷನ್‌ಗಳಲ್ಲಿ ಆ ಲಿಸ್ಟ್‌ನಲ್ಲಿ 'ಡೌನ್‌ಲೋಡ್ಸ್' ಅನ್ನೋದೂ ಇರತ್ತೆ, ಇದ್ದು ಎಲ್ಲದಕ್ಕೂ ಟಿಕ್ ಹಾಕ್ತಾ ಹೋದ್ರೆ ಬ್ಯಾಂಕ್ ಸ್ಟೇಟ್‌ಮೆಂಟು, ಜಿಎಸ್‌ಟಿ ಚಲನ್ನು ಎಲ್ಲ ಒಟ್ಟಿಗೆ ಹೋಗ್ಬಿಡತ್ತೆ, ಅದನ್ನ ಮುಟ್ಬೇಡಿ.

ಮುಟ್ಟಲೇಬಾರದ್ದು ಇನ್ನೂ ಕೆಲವಿವೆ. ರಿಜಿಸ್ಟ್ರಿ ಕ್ಲೀನರ್ ಬೇಡವೇ ಬೇಡ, ಇಂಥವನ್ನ ಬಳಸೋದಕ್ಕೆ ಮೈಕ್ರೋಸಾಫ್ಟ್‌ನದೇ ಬೆಂಬಲ ಇಲ್ಲ, ಸಾವಿರ ಎಂಟ್ರಿ ಅಳಿಸಿದ್ರೂ ಸ್ಪೀಡ್ ಬರಲ್ಲ, ಬೇಕಾದ್ದು ಒಂದು ಹೋದ್ರೆ ಪ್ರೋಗ್ರಾಮ್ ಏಳಲ್ಲ. ಎಮ್ಎಸ್‌ಕಾನ್ಫಿಗ್‌ಗೆ (ವಿಂಡೋಸ್ ಹೇಗೆ ಶುರು ಆಗ್ಬೇಕು ಅಂತ ಹೊಂದಿಸೋ ಕಿಟಕಿ) ಹೋಗಿ 'ನಂಬರ್ ಆಫ್ ಪ್ರೊಸೆಸರ್ಸ್' ಜಾಸ್ತಿ ಮಾಡಿ ಅನ್ನೋ ವಿಡಿಯೋ ನೋಡಿರ್ತೀರ, ಅದು ಬರೀ ಓಳು. ವಿಂಡೋಸ್ ಮೊದಲಿಂದ್ಲೂ ಎಲ್ಲ ಕೋರೂ ಬಳಸ್ತಾನೇ ಇರತ್ತೆ, ಆ ಬಾಕ್ಸ್ ಇರೋದು ಟೆಸ್ಟಿಂಗ್‌ಗೆ ಕಮ್ಮಿ ಮಾಡೋಕೆ. ಪಕ್ಕದ 'ಮ್ಯಾಕ್ಸಿಮಮ್ ಮೆಮೊರಿ' ಟಿಕ್ ಮಾಡಿ ಇರೋ ರ‍್ಯಾಮ್ಮೂ ಕಮ್ಮಿ ಮಾಡ್ಕೊಂಡವರಿದ್ದಾರೆ. ಪೇಜ್ ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸೋ ಜಾಗ) ಆಫ್ ಮಾಡಿ ಅನ್ನೋರೂ ಇದ್ದಾರೆ, 4 ಜಿಬಿ ಮೆಷಿನ್‌ನಲ್ಲಿ ಹಾಗೆ ಮಾಡಿದ್ರೆ ಲೆಕ್ಕ ಬರೀತಿರೋವಾಗ್ಲೇ ಪ್ರೋಗ್ರಾಮ್ ಕ್ಲೋಸ್ ಆಗ್ಬಹುದು, ವಿಂಡೋಸ್‌ಗೇ ಬಿಟ್ಬಿಡಿ. ಐವತ್ತು ಸರ್ವಿಸ್ ಆಫ್ ಮಾಡೋ ಪಟ್ಟಿ ಹಿಡ್ಕೊಂಡು ಪ್ರಿಂಟ್ ಕೆಲಸ ನೋಡ್ಕೊಳ್ಳೋ ಪ್ರಿಂಟ್ ಸ್ಪೂಲರನ್ನೇ ನಿಲ್ಲಿಸಿ, ಆಮೇಲೆ ಪ್ರಿಂಟರ್ ಕೆಟ್ಟಿದೆ ಅಂತ ಅದನ್ನ ಹೊತ್ಕೊಂಡು ರಿಪೇರಿಗೆ ಹೋಗೋದು ಬೇಡ. ಸರ್ವಿಸ್‌ನಲ್ಲಿ ಪ್ರಯೋಗ ಮಾಡ್ಲೇಬೇಕು ಅನ್ಸಿದ್ರೆ 'ಸಿಸ್‌ಮೇನ್' ಒಂದನ್ನ ನಿಲ್ಲಿಸಿ ನೋಡಿ, ನೀವು ಬಳಸೋ ಪ್ರೋಗ್ರಾಮನ್ನ ಮುಂಚೇನೇ ರ‍್ಯಾಮ್‌ಗೆ ತಂದಿಡೋ ಕೆಲಸ ಅದರದ್ದು, ಕೆಲವು ಹಾರ್ಡ್ ಡಿಸ್ಕ್‌ಗಳಲ್ಲಿ ನಿಲ್ಲಿಸಿದ್ರೆ ಆ 100% ಇಳಿಯತ್ತೆ, ಇಳಿಯಲಿಲ್ಲ ಅಂದ್ರೆ ವಾಪಸ್ ಆನ್ ಮಾಡಿ.

ಇದೆಲ್ಲ ಆದ್ಮೇಲೂ ಡಿಸ್ಕ್ 100% ಬಿಡ್ತಿಲ್ಲ, ಟಕ್ ಟಕ್ ಸದ್ದು ಬರ್ತಿದೆ ಅಂದ್ರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ ನೋಡಿ. 'ಗುಡ್' ಬದ್ಲು ಹಳದಿಯಲ್ಲಿ 'ಕಾಶನ್' ಅಂತ ಬಂದ್ರೆ ಸೆಟ್ಟಿಂಗ್ ಕೆಲಸ ಅಲ್ಲಿಗೇ ನಿಲ್ಸಿ ಡೇಟಾ ಎತ್ಕೊಳ್ಳಿ, ಡಿಸ್ಕ್ ಯಾವಾಗ ಬೇಕಾದ್ರೂ ಕೈ ಕೊಡಬಹುದು.

ದುಡ್ಡು ಹಾಕಲ್ಲ ಅಂದಿದ್ರಿ, ಆದ್ರೂ ಹೇಳ್ತೀನಿ. ಮೇಲಿನದ್ದೆಲ್ಲ ಮಾಡಿದ್ರೆ ಬೆಳಗಿನ ಕಾಯೋದು ಕಮ್ಮಿ ಆಗತ್ತೆ, ಮಾಯ ಆಗಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ರೆ ಅದೇ ಮೆಷಿನ್ ಬೇರೇನೇ ಆಗತ್ತೆ, ಯಾಕಂದ್ರೆ ಅದರೊಳಗೆ ತಿರುಗೋ ತಟ್ಟೆಯೂ ಇಲ್ಲ, ಓಡಾಡೋ ಕೈಯೂ ಇಲ್ಲ. ಹೊಸದೇ ತಗೊಳ್ಳಿ ಅನ್ನೋ ಅಂಗಡಿಯವ್ರ ಮಾತಲ್ಲೂ ಒಂದು ಕಡೆ ನಿಜ ಇದೆ, ಐದನೇ ಜನರೇಶನ್‌ಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ, ಇಂಟೆಲ್ ಆದ್ರೆ ಎಂಟನೇ ಜನರೇಶನ್‌ನಿಂದ ಶುರು. ವಿಂಡೋಸ್ 10ಕ್ಕೆ ಮಾಮೂಲಿ ಅಪ್ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಆಮೇಲೆ ಇಎಸ್‌ಯು ಅಂತ ಒಂದು ಸ್ಕೀಮ್‌ನಲ್ಲಿ ಸೇರ್ಕೊಂಡವರಿಗೆ ಸೆಕ್ಯುರಿಟಿ ಅಪ್ಡೇಟ್ ಸಿಗತ್ತೆ ಅಂತ ಮೈಕ್ರೋಸಾಫ್ಟ್ ಹೇಳಿರೋದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ ಅಪ್ಡೇಟ್ ಪೇಜ್‌ನಲ್ಲೇ ಸೇರ್ಕೊಳ್ಳೋ ಲಿಂಕ್ ಬರತ್ತೆ. ಬರೀ ಬ್ರೌಸಿಂಗ್ ಆಗಿದ್ರೆ ವಿಂಡೋಸ್ ಬದಲಿಗೆ ಫ್ರೀಯಾಗಿ ಸಿಗೋ ಲಿನಕ್ಸ್ ಮಿಂಟ್ ಹಾಕಿ ಅಂತಿದ್ದೆ, ಟ್ಯಾಲಿ ಇರೋದ್ರಿಂದ ನಿಮಗೆ ಅದು ತಲೆನೋವು.

ಬೆಂಗಳೂರಲ್ಲಿ ಕಂಪ್ಯೂಟರ್ ಸಾಮಾನು ಸಿಗೋ ಎಸ್‌ಪಿ ರೋಡ್‌ಗೆ ಹೋಗೋದಾದ್ರೆ ಸಾಮಾನ್ಯವಾಗಿ ನಿಮ್ಮ ಮೆಷಿನ್‌ಗೆ ಬೇಕಾಗೋದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಉದ್ದ ಕಡ್ಡಿ ಥರ ಇರೋದನ್ನ ಕೊಟ್ರೆ ತಗೋಬೇಡಿ. ರ‍್ಯಾಮ್ ಹೆಚ್ಚಿಸೋದಾದ್ರೆ ಹಳೇ ಸ್ಟಿಕ್ ಮೇಲಿನ ಲೇಬಲ್ ಫೋಟೋ ತೆಗೆದು ತೋರ್ಸಿ, ಆ ಕಾಲದವಕ್ಕೆ ಬಹುತೇಕ ಡಿಡಿಆರ್3ಎಲ್, ಈಗಿನ ಡಿಡಿಆರ್4 ಸ್ಲಾಟ್‌ಗೆ ಕೂರಲ್ಲ. ಡಿಸ್ಕ್ ಬದಲಾಯಿಸೋ ಮುಂಚೆ ಟ್ಯಾಲಿ ಒಳಗಿಂದ ಲೈಸೆನ್ಸ್ ಸರೆಂಡರ್ ಮಾಡಿ, ಆಮೇಲೆ ಹೊಸ ಡಿಸ್ಕ್‌ನಲ್ಲಿ ರಗಳೆ ಇಲ್ಲದೇ ಆ್ಯಕ್ಟಿವೇಟ್ ಆಗತ್ತೆ. ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟ್ಕೊಂಡಿರೋದ್ರಿಂದ ಅದಕ್ಕೆ ಮತ್ತೆ ದುಡ್ಡು ಕೇಳಿದ್ರೆ ಕೊಡಬೇಡಿ. ಮತ್ತೆ ಹಳೇ ಹಾರ್ಡ್ ಡಿಸ್ಕನ್ನ ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಅಂಗಡಿಗಳವ್ರ ಲೆಕ್ಕ ಎಲ್ಲ ಅದರೊಳಗೇ ಇರತ್ತೆ, ಕೇಳಿ ಇಸ್ಕೊಂಡು ಬನ್ನಿ.